ಹಳದಿ ಗೆರೆ ಎಡ ಮೊಣಕೈ ಪಕ್ಕ: ಅಮೆರಿಕದಲ್ಲಿ ಬಲಗಡೆ ಕಾರು ಓಡಿಸೋದನ್ನ ಕಲಿಯುವುದು

ಬೆಂಗಳೂರಿನಲ್ಲಿ ಎಂಟು ವರ್ಷ ಕಾರು ಓಡಿಸಿದವನು ನಾನು. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದವನನ್ನು ಪ್ರಪಂಚದ ಯಾವ ರಸ್ತೆಯೂ ಹೆದರಿಸಲಾರದು ಅಂತ ಒಂದು ಹಮ್ಮು ಇತ್ತು. ಅದೇ ಹಮ್ಮಿನಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದಿಳಿದೆ. ಮೊದಲ ದಿನ ಬಾಡಿಗೆ ಕಾರಿನ ಕೀಲಿ ತಗೊಂಡು, ಬಲಗಡೆ ಬಾಗಿಲು ತೆಗೆದು, ಜಂಬದಿಂದ ಕೂತೆ. ಎದುರಿಗೆ ಸ್ಟೀರಿಂಗ್ ಇಲ್ಲ! ಹೊರಗೆ ಹೆಂಡತಿ ನಿಂತು ನೋಡುತ್ತಿದ್ದಾಳೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಏನೋ ಹುಡುಕುವವನ ಹಾಗೆ ನಟಿಸಿ ಕೆಳಗಿಳಿದೆ. ಅವಳು ನಂಬಲಿಲ್ಲ.

ಇದು ನಕ್ಕು ಮರೆಯುವ ತಪ್ಪು. ಮೂರನೇ ವಾರ ಆಗಿದ್ದು ಅಂಥದ್ದಲ್ಲ. ಭಾನುವಾರ ಬೆಳಿಗ್ಗೆ ಏಳು ಗಂಟೆ, ಹಾಲು ತರೋಕೆ ಹೋಗಿದ್ದೆ. ಅಂಗಡಿಯ ಪಾರ್ಕಿಂಗ್ ಲಾಟಿನಿಂದ ಹೊರಗೆ ಬಂದರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಎಡಕ್ಕೆ ತಿರುಗಬೇಕಿತ್ತು. ಊರಿನಲ್ಲಿ ತಿರುಗುವ ಹಾಗೆಯೇ ಅಂಚಿಗೆ ಅಂಟಿಕೊಂಡು ಎಡಕ್ಕೆ ತಿರುಗಿಸಿದೆ, ಎಡಗಡೆಯಲ್ಲೇ ಹೊರಟೆ, ತಲೆಯಲ್ಲಿ ಬರೀ ಕಾಫಿ ಯೋಚನೆ. ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಪಿಕಪ್ ಟ್ರಕ್ ನನ್ನದೇ ಲೇನಿನಲ್ಲಿ ಲೈಟು ಮಿನುಗಿಸುತ್ತಾ ಎದುರಿಗೆ ಬಂತು. 'ಇವನ್ಯಾರಪ್ಪ ರಾಂಗ್ ಸೈಡಲ್ಲಿ ಬರ್ತಿದ್ದಾನೆ' ಅಂತ ನಾನೇ ಅವನನ್ನು ಬೈದುಕೊಂಡೆ ನೋಡಿ, ಆ ಎರಡು ಸೆಕೆಂಡನ್ನು ಇವತ್ತಿಗೂ ಮರೆತಿಲ್ಲ. ಪುಣ್ಯಕ್ಕೆ ಅವನು ನಿಲ್ಲಿಸಿದ. ಹಾರ್ನ್ ಕೂಡ ಮಾಡಲಿಲ್ಲ. ನಾನು ಬೆವೆತುಕೊಂಡು ರಿವರ್ಸ್ ತಗೊಂಡೆ.

ಮನೆಗೆ ಬಂದು ಕೂತು ಯೋಚಿಸಿದೆ. ಮೊದಲ ಎರಡು ವಾರ ಯಾಕೆ ಈ ತಪ್ಪು ಆಗಲಿಲ್ಲ? ಯಾಕೆಂದರೆ ಆಗ ಹೆದರಿಕೆ ಇತ್ತು, ಮತ್ತೆ ಸುತ್ತಮುತ್ತ ಯಾವಾಗಲೂ ಬೇರೆ ಕಾರುಗಳಿದ್ದವು. ಮುಂದಿನ ಕಾರಿನ ಹಿಂದೆ ಹೋದರೆ ಸಾಕು, ತಪ್ಪೋದು ಕಷ್ಟ. ಖಾಲಿ ರಸ್ತೆಯಲ್ಲಿ ಹಿಂಬಾಲಿಸೋಕೆ ಯಾರೂ ಇಲ್ಲ, ಆಗ ಕೈ ತನ್ನ ಹಳೇ ಅಭ್ಯಾಸಕ್ಕೆ ಹೋಗುತ್ತದೆ. ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರಂದು ಬೆಳಗಿನ ಐದು ಗಂಟೆಗೆ ಇಡೀ ದೇಶದ ಸಂಚಾರವನ್ನೇ ಎಡದಿಂದ ಬಲಕ್ಕೆ ಬದಲಾಯಿಸಿತು. ಅಲ್ಲೂ ಮೊದಮೊದಲು ಅಪಘಾತ ಕಡಿಮೆಯೇ ಆಯಿತು, ಎಲ್ಲರೂ ಉಸಿರು ಬಿಗಿಹಿಡಿದು ಓಡಿಸುತ್ತಿದ್ದರು. ರೂಢಿಯಾಗುತ್ತಾ ಬಂದ ಹಾಗೆ ಲೆಕ್ಕ ಮತ್ತೆ ಮೊದಲಿನ ಹಾಗೇ ಆಯಿತು. ಹಾಗಾಗಿ ಈ ಬರಹವನ್ನು ನಿಮ್ಮ ಮೊದಲ ದಿನಕ್ಕಿಂತ ಜಾಸ್ತಿ ನಿಮ್ಮ ಮೂರನೇ ವಾರಕ್ಕೆ ಅಂತಲೇ ಬರೆಯುತ್ತಿದ್ದೇನೆ.

ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಾಪುರಕ್ಕೆ ಹೋಗುವವರು ಇಲ್ಲಿಗೇ ಓದೋದು ನಿಲ್ಲಿಸಬಹುದು, ಅಲ್ಲೆಲ್ಲ ನಮ್ಮ ಹಾಗೇ ಎಡಗಡೆ. ಅಮೆರಿಕ, ಕೆನಡಾ, ಜರ್ಮನಿ, ದುಬೈ ಎಲ್ಲ ಬಲಗಡೆ. ನನಗೆ ಚೆನ್ನಾಗಿ ಗೊತ್ತಿರೋದು ಕ್ಯಾಲಿಫೋರ್ನಿಯಾ, ಅದನ್ನೇ ಹೇಳುತ್ತೇನೆ.

ಎಡ ಬಲ ಮರೆತುಬಿಡಿ

'ಬಲಗಡೆ ಹೋಗು, ಬಲಗಡೆ ಹೋಗು' ಅಂತ ಜಪ ಮಾಡಿಕೊಂಡು ಓಡಿಸಬೇಡಿ. ನಾನು ಮಾಡಿದ್ದೆ. ತಿರುವಿನಲ್ಲಿ ಆ ಜಪ ಕೈಕೊಡುತ್ತದೆ, ಯಾಕೆಂದರೆ ಎಡಕ್ಕೆ ತಿರುಗುವಾಗ 'ಬಲ' ಅಂದರೆ ಯಾವುದು ಅಂತ ಯೋಚಿಸುವಷ್ಟು ಪುರುಸೊತ್ತು ಇರುವುದಿಲ್ಲ. ಅದರ ಬದಲು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ: ಡ್ರೈವರ್ ಯಾವಾಗಲೂ ರಸ್ತೆಯ ನಡುವಿನ ಪಕ್ಕ ಕೂತಿರುತ್ತಾನೆ. ಬೆಂಗಳೂರಿನಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಪಕ್ಕದ ಸೀಟಿನವರು ಫುಟ್‌ಪಾತ್ ಕಡೆ, ನೀವು ನಡುಗೆರೆ ಕಡೆ.

ಅಮೆರಿಕದಲ್ಲಿ ಇದು ಇನ್ನೂ ಸುಲಭ. ಎದುರುಬದುರು ಹೋಗುವ ವಾಹನಗಳ ನಡುವೆ ಎಳೆದಿರುವ ಗೆರೆ ಹಳದಿ. ಒಂದೇ ದಿಕ್ಕಿಗೆ ಹೋಗುವ ಲೇನುಗಳ ನಡುವಿನ ಗೆರೆ ಬಿಳಿ. ಅಂದರೆ ಹಳದಿ ಗೆರೆ ಸದಾ ನಿಮ್ಮ ಎಡ ಮೊಣಕೈ ಕಡೆ ಇರಬೇಕು. ಬಲಗಡೆ ಹಳದಿ ಕಂಡರೆ ನೀವು ತಪ್ಪು ಜಾಗದಲ್ಲಿದ್ದೀರಿ, ಆಯ್ತು. ನಾನು ತಿರುವು ಮುಗಿದ ತಕ್ಷಣ 'ಹಳದಿ ಎಲ್ಲಿ?' ಅಂತ ಜೋರಾಗಿ ಕೇಳಿಕೊಳ್ಳುತ್ತಿದ್ದೆ. ಹಿಂದೆ ಕೂತ ಮಗಳು 'ಇಲ್ಲಿ!' ಅಂತ ಎಡಗಡೆ ಕೈ ತೋರಿಸುತ್ತಿದ್ದಳು. ಅವಳಿಗೆ ಆಟ, ನನಗೆ ಪ್ರಾಣ. ಜರ್ಮನಿಗೆ ಹೋಗುವವರೇ, ಅಲ್ಲಿ ನಡುಗೆರೆಯೂ ಬಿಳಿ, ಈ ಉಪಾಯ ನಡೆಯಲ್ಲ. ಮೊಣಕೈ ಲೆಕ್ಕ ಮಾತ್ರ ನಡೆಯುತ್ತದೆ. ಅಮೆರಿಕದ್ದೇ ಆದ ವರ್ಜಿನ್ ದ್ವೀಪಗಳಲ್ಲಿ ಅದೂ ನಡೆಯಲ್ಲ, ಅಲ್ಲಿ ಕಾರುಗಳು ಅಮೆರಿಕದವು, ಸ್ಟೀರಿಂಗ್ ಎಡಗಡೆ, ಓಡಾಟ ಮಾತ್ರ ನಮ್ಮ ಹಾಗೆ ರಸ್ತೆಯ ಎಡಗಡೆ. ಅಲ್ಲಿಗೆ ಪ್ರವಾಸ ಹೋದರೆ ಟ್ಯಾಕ್ಸಿ ಮಾಡಿಕೊಳ್ಳಿ.

ಮೊದಲು ನಡೆಯಿರಿ

ಕಾರು ಮುಟ್ಟುವ ಮೊದಲು ಒಂದು ವಾರ ನಡೆದಾಡಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮಲ್ಲಿ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುತ್ತೇವೆ, ಹತ್ತಿರದ ಗಾಡಿ ಆ ಕಡೆಯಿಂದ ಬರುತ್ತದೆ. ಇಲ್ಲಿ ಮೊದಲ ಅಪಾಯ ಎಡಗಡೆಯಿಂದ. ಎಡ, ಬಲ, ಮತ್ತೆ ಎಡ. ಕತ್ತು ತಾನಾಗಿ ಮೊದಲು ಎಡಕ್ಕೆ ಹೊರಳುವವರೆಗೆ ನಡೆಯಿರಿ. ಯಾಕೆಂದರೆ ಗಲ್ಲಿಯಿಂದ ಕಾರು ಹೊರಗೆ ತೆಗೆಯುವಾಗಲೂ ಇದೇ ಕತ್ತು ಕೆಲಸ ಮಾಡೋದು. ನೀವು ಬಲಕ್ಕೆ ತಿರುಗಬೇಕು, ಅಭ್ಯಾಸಬಲದಿಂದ ಬಲಕ್ಕೆ ನೋಡಿದಿರಿ, ಖಾಲಿ ಇದೆ ಅಂತ ಮುಂದೆ ಬಂದಿರಿ, ಎಡಗಡೆಯಿಂದ ಬರುತ್ತಿದ್ದ ಕಾರು ನಿಮ್ಮ ಬಾಗಿಲಿಗೇ ಗುದ್ದಿತು, ಹೀಗಾಗುತ್ತದೆ.

ಬಸ್ಸಿನಲ್ಲೋ ಗೆಳೆಯರ ಕಾರಿನಲ್ಲೋ ಹೋಗುವಾಗ ಫೋನು ಜೇಬಿನಲ್ಲಿಟ್ಟು ರಸ್ತೆ ನೋಡಿ. ಪ್ರತಿ ತಿರುವಿನಲ್ಲೂ 'ಈಗ ಯಾವ ಲೇನಿಗೆ ಸೇರ್ತಾರೆ' ಅಂತ ಮನಸ್ಸಿನಲ್ಲೇ ಊಹೆ ಮಾಡಿ. ದುಡ್ಡು ಖರ್ಚಿಲ್ಲದ ಪಾಠ.

ಕಾರಿನ ಒಳಗೆ

ಒಳ್ಳೆ ಸುದ್ದಿ ಮೊದಲು. ಪೆಡಲ್‌ಗಳು ಬದಲಾಗುವುದಿಲ್ಲ. ಬಲಗಾಲಿಗೆ ಆಕ್ಸಿಲರೇಟರ್, ಅದರ ಎಡಕ್ಕೆ ಬ್ರೇಕ್, ಎಲ್ಲ ದೇಶದಲ್ಲೂ ಹಾಗೇ. ಆದರೆ ಇಲ್ಲಿನ ಕಾರುಗಳು ಬಹುಪಾಲು ಆಟೋಮ್ಯಾಟಿಕ್. ಮ್ಯಾನ್ಯುಯಲ್ ಗಾಡಿಯಿಂದ ಬಂದವರ ಎಡಗಾಲು ಗಾಬರಿಯಲ್ಲಿ ಕ್ಲಚ್ ಹುಡುಕುತ್ತದೆ, ಸಿಗುವುದು ಅಗಲವಾದ ಬ್ರೇಕ್ ಪೆಡಲ್ಲು. ಕ್ಲಚ್ ಅಂದುಕೊಂಡು ಪೂರ್ತಿ ಒತ್ತಿದರೆ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ. ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿಗೆ ಒತ್ತಿ ಇಟ್ಟುಬಿಡಿ, ಮೊದಲ ವಾರ ಅದಕ್ಕೆ ರಜೆ.

ಎಡಗೈ ಗೇರ್ ಹುಡುಕಿ ಬಾಗಿಲಿಗೆ ಬಡಿಯುತ್ತದೆ. ಬಲಗೈ ಸೀಟ್‌ಬೆಲ್ಟ್ ಹುಡುಕಿ ಗಾಳಿಯಲ್ಲಿ ಆಡುತ್ತದೆ. ಒಳಗಿನ ಕನ್ನಡಿ ನೋಡೋಕೆ ಕಣ್ಣು ಎಡಕ್ಕೆ ಹೋಗುತ್ತದೆ, ಅಲ್ಲಿ ಕಿಟಕಿ. ಇದೆಲ್ಲ ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ಸರಿಹೋಗಲು ಟೈಮು ಹಿಡಿಯೋದು ಇಂಡಿಕೇಟರ್. ಊರಿನ ಮಾರುತಿ, ಹ್ಯುಂಡೈ ಓಡಿಸಿದವರಿಗೆ ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಬಲಕ್ಕೆ, ವೈಪರ್ ಎಡಕ್ಕೆ. ಇಲ್ಲಿ ಉಲ್ಟಾ. ಹಾಗಾಗಿ ಹೊಸದಾಗಿ ಬಂದ ಇಂಡಿಯನ್ನನನ್ನು ಗುರುತಿಸೋದು ಬಲು ಸುಲಭ: ಸುಡುಬಿಸಿಲಿನಲ್ಲಿ ಪ್ರತಿ ತಿರುವಿಗೂ ವೈಪರ್ ಆಡಿಸುತ್ತಾ ಬರುತ್ತಾನೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಓಡಿಸಿದವರು ಬಚಾವ್, ಅವುಗಳಲ್ಲಿ ಊರಿನಲ್ಲೂ ಇಂಡಿಕೇಟರ್ ಎಡಕ್ಕೇ.

ಕನ್ನಡಿಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಅಮೆರಿಕದ ಕಾರುಗಳಲ್ಲಿ ಡ್ರೈವರ್ ಕಡೆಯ ಕನ್ನಡಿ ಚಪ್ಪಟೆ, ಆಚೆ ಕಡೆಯದು ಉಬ್ಬುಗನ್ನಡಿ. ಬಲಗನ್ನಡಿಯಲ್ಲಿ ಕಾಣುವ ಕಾರು ಚಿಕ್ಕದಾಗಿ, ದೂರದಲ್ಲಿರುವ ಹಾಗೆ ಕಾಣುತ್ತದೆ, ನಿಜವಾಗಿ ಹತ್ತಿರವೇ ಇರುತ್ತದೆ. ಅದನ್ನು ಆ ಕನ್ನಡಿಯ ಮೇಲೇ ಬರೆದಿರುತ್ತಾರೆ. ಎಡಗನ್ನಡಿಯಲ್ಲಿ ದೂರ ಸರಿಯಾಗಿ ಕಾಣುತ್ತದೆ, ಆದರೆ ಕಾಣುವ ಜಾಗ ಕಡಿಮೆ. ಪಕ್ಕದಲ್ಲೇ ಒಂದು ಇಡೀ ಕಾರು ಅಡಗಿ ಕೂತಿರಬಹುದು. ಲೇನ್ ಬದಲಿಸುವ ಮೊದಲು ಭುಜದ ಮೇಲಿಂದ ಹಿಂದೆ ತಿರುಗಿ ನೋಡಿ ಅಂತ ಇಲ್ಲಿ ಎಲ್ಲರೂ ಬಡಕೊಳ್ಳೋದು ಇದಕ್ಕೇ.

ಇನ್ನು ಕಾರು ಬಲಕ್ಕೆ ವಾಲುವ ವಿಷಯ. ಇದು ಎಲ್ಲರಿಗೂ ಆಗುತ್ತದೆ, ಆದರೆ ಆಗುತ್ತಿದೆ ಅಂತ ಓಡಿಸುವವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಇಷ್ಟು ವರ್ಷ ನಿಮ್ಮ ದೇಹ ಲೇನಿನ ಬಲಭಾಗದಲ್ಲಿ ಕೂತು ರೂಢಿ, ಕಾರಿನ ಉಳಿದ ಅಗಲವೆಲ್ಲ ಎಡಕ್ಕಿತ್ತು. ಈಗ ಆ ಅಗಲ ಬಲಕ್ಕಿದೆ, ನೀವು ಮಾತ್ರ ಹಳೇ ಜಾಗದಲ್ಲೇ ಕೂರೋಕೆ ನೋಡುತ್ತೀರಿ. ಹಾಗೆ ಕೂತರೆ ಬಲಗಡೆ ಚಕ್ರ ಕರ್ಬ್ (ಫುಟ್‌ಪಾತಿನ ಅಂಚು) ಹತ್ತುತ್ತದೆ, ಬಲಗನ್ನಡಿ ನಿಂತಿರುವ ಕಾರುಗಳ ಕನ್ನಡಿಗೆ ತಾಗುತ್ತದೆ. ನನ್ನ ಬಾಡಿಗೆ ಕಾರಿನ ಬಲ ಮುಂಚಕ್ರದ ರಿಮ್ಮಿಗೆ ಬಿದ್ದ ಗೀರಿಗೆ ಬಾಡಿಗೆ ಕಂಪನಿ ಹಾಕಿದ ಬಿಲ್ಲನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇದಕ್ಕೆ ಮದ್ದು ಎರಡು. ಎಡ ಮೊಣಕೈ ನಡುಗೆರೆಗೆ 'ಅಯ್ಯೋ, ತುಂಬ ಹತ್ತಿರ ಆಯ್ತಲ್ಲ' ಅನ್ನಿಸುವಷ್ಟು ಹತ್ತಿರ ಇರಲಿ, ಆಗ ಸಾಮಾನ್ಯವಾಗಿ ಕಾರು ಸರಿಯಾಗಿ ಲೇನಿನ ಮಧ್ಯೆ ಇರುತ್ತದೆ. ಮತ್ತೆ ಕಣ್ಣು ಬಾನೆಟ್ಟಿನ ಮೇಲಲ್ಲ, ದೂರದಲ್ಲಿ ಲೇನಿನ ನಡುಮಧ್ಯದಲ್ಲಿ ಇರಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಸಮುದ್ರದ ಪಕ್ಕ ದಕ್ಷಿಣಕ್ಕೆ ಹೋಗುವ 'ಹೈವೇ 1' ಅನ್ನೋ ರಸ್ತೆಯಲ್ಲಿ ಹೋಗೋ ಆಸೆ ಎಲ್ಲರಿಗೂ ಇರುತ್ತದೆ. ಆ ದಿಕ್ಕಿನಲ್ಲಿ ಹೋದರೆ ಸಮುದ್ರದ ಕಡೆಯ ಲೇನು ನಿಮ್ಮದು, ಪ್ರಪಾತ ನಿಮ್ಮ ಬಲಕ್ಕೆ. ಬಲಕ್ಕೆ ವಾಲುವ ಚಾಳಿ ಪೂರ್ತಿ ಬಿಡುವವರೆಗೆ ಆ ಆಸೆ ಮುಂದೂಡಿ. ಆಗುಂಬೆ ಘಾಟಿ ಇಳಿದವರಿಗೂ ಇದೇ ಮಾತು.

ತಿರುವು

ನಮ್ಮಲ್ಲಿ ಎಡ ತಿರುವು ಚಿಕ್ಕದು, ಬಲ ತಿರುವು ದೊಡ್ಡದು. ಇಲ್ಲಿ ಅದಲುಬದಲು. ನಾನು ಒಂದು ಸಾಲು ಕಟ್ಟಿಕೊಂಡಿದ್ದೆ: ಬಲಕ್ಕೆ ಬಿಗಿ, ಎಡಕ್ಕೆ ಅಗಲ. ಬಲಕ್ಕೆ ತಿರುಗುವಾಗ ಅಂಚಿಗೆ ಅಂಟಿಕೊಂಡು ಸಣ್ಣಗೆ ತಿರುಗಿ. ಎಡಕ್ಕೆ ತಿರುಗುವಾಗ ಜಂಕ್ಷನ್ನಿನ ನಡುವಿನವರೆಗೆ ನೇರ ಹೋಗಿ, ಆಮೇಲೆ ಅಗಲವಾಗಿ ಸುತ್ತಿ, ಹೊಸ ರಸ್ತೆಯ ಹಳದಿ ಗೆರೆಯನ್ನು ದಾಟಿ ಅದರ ಆಚೆ ಇರುವ ಲೇನಿಗೆ ಸೇರಿ. ಸೇರಿದ ಮೇಲೆ ಹಳದಿ ಎಡಕ್ಕೆ ಬಂತಾ? ಸರಿ.

ಜಾಸ್ತಿ ಭಯ ಹುಟ್ಟಿಸೋದು ಸಿಗ್ನಲ್ ಬಾಣ ಇಲ್ಲದ ಎಡ ತಿರುವು. ಬರೀ ದುಂಡನೆ ಹಸಿರು ದೀಪ ಬಂದರೆ ನೀವು ತಿರುಗಬಹುದು, ಆದರೆ ಎದುರಿನಿಂದ ನೇರ ಬರುವವರಿಗೆ ಮೊದಲು ದಾರಿ. ನಮ್ಮೂರಿನಲ್ಲಿ ಬಲಕ್ಕೆ ತಿರುಗುವವರು ಮೂತಿ ತೂರಿಸಿ ತೂರಿಸಿ ಎದುರಿನವರನ್ನು ನಿಲ್ಲಿಸುತ್ತಾರಲ್ಲ, ಆ ವಿದ್ಯೆಯನ್ನು ಇಲ್ಲಿ ತೋರಿಸಬೇಡಿ. ಎದುರಿನವನು ನಿಲ್ಲುತ್ತಾನೆ ಅಂತ ನೀವು ಅಂದುಕೊಂಡಿರುತ್ತೀರಿ, ನೀವು ನುಗ್ಗಲ್ಲ ಅಂತ ಅವನು ಅಂದುಕೊಂಡು ಗಂಟೆಗೆ 45 ಮೈಲಿಯಲ್ಲಿ ಬರುತ್ತಿರುತ್ತಾನೆ. ಅದು 70 ಕಿಲೋಮೀಟರಿಗೂ ಜಾಸ್ತಿ. ಕಾಯುವಾಗ ಚಕ್ರ ನೆಟ್ಟಗಿರಲಿ. ಮೊದಲೇ ಎಡಕ್ಕೆ ತಿರುಗಿಸಿಟ್ಟುಕೊಂಡರೆ ಹಿಂದಿನಿಂದ ಯಾರಾದರೂ ಗುದ್ದಿದಾಗ ಕಾರು ಸೀದಾ ಎದುರಿನ ಲೇನಿಗೆ ಹೋಗುತ್ತದೆ. ಮೊದಲ ತಿಂಗಳು ಇಂಥ ಕಡೆ ನಾನು ಎಡ ತಿರುವನ್ನೇ ಬಿಟ್ಟುಬಿಟ್ಟಿದ್ದೆ. ಮುಂದೆ ಹೋಗಿ ಮೂರು ಸಲ ಬಲಕ್ಕೆ ತಿರುಗಿದರೆ ಅದೇ ದಾರಿಗೆ ಬರುತ್ತೀರಿ. ಐದು ನಿಮಿಷ ಜಾಸ್ತಿ ಆಗುತ್ತದೆ, ಆಗಲಿ ಬಿಡಿ.

ದೊಡ್ಡ ರಸ್ತೆಗಳ ನಡುವೆ ಎರಡೂ ಪಕ್ಕ ಹಳದಿ ಗೆರೆ ಇರುವ ಒಂದು ಲೇನು ಕಾಣುತ್ತದೆ, ಒಳಗಡೆ ತುಂಡು ಗೆರೆ, ಹೊರಗಡೆ ಪೂರ್ತಿ ಗೆರೆ. ಅದು ಎರಡೂ ಕಡೆಯವರು ಎಡಕ್ಕೆ ತಿರುಗೋಕೆ ನಿಂತುಕೊಳ್ಳುವ ಜಾಗ. ಖಾಲಿ ಇದೆ ಅಂತ ಅದರಲ್ಲಿ ಓಡಿಸಿಕೊಂಡು ಹೋಗುವ ಹಾಗಿಲ್ಲ, ಕ್ಯಾಲಿಫೋರ್ನಿಯಾದಲ್ಲಿ 200 ಅಡಿ ಮಾತ್ರ. 'ಹಳದಿ ಎಡಕ್ಕೆ' ಅನ್ನುವ ನನ್ನ ನಿಯಮ ತಲೆಕೆಡಿಸುವ ಜಾಗವೂ ಇದೇ. ಇಲ್ಲಿ ಬಲಕ್ಕೂ ಹಳದಿ ಇರುತ್ತದೆ.

ಮೈಸೂರಿನವರಿಗೆ ಸರ್ಕಲ್ ಸುತ್ತೋದು ಹೊಸದಲ್ಲ. ಇಲ್ಲೂ ಅಲ್ಲಲ್ಲಿ ಸರ್ಕಲ್ ಇವೆ, ಸುತ್ತೋದು ಮಾತ್ರ ಗಡಿಯಾರದ ಮುಳ್ಳಿಗೆ ಎದುರಾಗಿ. ಕೆ.ಆರ್. ಸರ್ಕಲ್ಲನ್ನು ಉಲ್ಟಾ ಸುತ್ತಿದ ಹಾಗೆ. ಎಡಗಡೆಯಿಂದ ಒಳಗೆ ಸುತ್ತಿ ಬರುತ್ತಿರುವವರಿಗೆ ದಾರಿ ಬಿಟ್ಟು, ಆಮೇಲೆ ಬಲಕ್ಕೆ ಹೊರಳಿ ಒಳಗೆ ಸೇರಿ.

ಕೈ ತಪ್ಪುವ ಜಾಗಗಳು

ಇಲ್ಲಿಯ ಹತ್ತು ಜನ ಕನ್ನಡದ ಗೆಳೆಯರನ್ನು ಕೇಳಿದ್ದೇನೆ, 'ನೀನು ಯಾವಾಗ ರಾಂಗ್ ಸೈಡ್ ಹೋದೆ' ಅಂತ. ಒಬ್ಬರೂ ಟ್ರಾಫಿಕ್ಕಿನ ಮಧ್ಯೆ ಅಂತ ಹೇಳಲಿಲ್ಲ. ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ. ಪಾರ್ಕಿಂಗ್ ಲಾಟಿನಿಂದ ಹೊರಗೆ ಬರುವಾಗ. ಒನ್‌ವೇ ರಸ್ತೆಯಿಂದ ಎರಡು ದಿಕ್ಕಿನ ರಸ್ತೆಗೆ ಸೇರುವಾಗ. ನಡುಗೆರೆಯೇ ಇಲ್ಲದ ಮನೆ ಹತ್ತಿರದ ಸಣ್ಣ ಬೀದಿಯಲ್ಲಿ. ರಾತ್ರಿ ತಡವಾಗಿ, ಬೆಳಗಿನ ಜಾವ, ಊರಿನಿಂದ ವಿಮಾನದಲ್ಲಿ ಬಂದಿಳಿದ ದಿನ. ಪಕ್ಕದವರ ಜೊತೆ ಜಗಳ ಆಡುತ್ತಿದ್ದಾಗ ಅಂತ ಇಬ್ಬರು ಹೇಳಿದರು, ಮದುವೆಯಾದವರಿಗೆ ಅರ್ಥವಾದೀತು.

ಇದರಲ್ಲೆಲ್ಲ ಒಂದು ಸಾಮ್ಯ ಇದೆ ಅಲ್ವಾ? ಗಾಡಿ ಒಂದು ಸಲ ನಿಂತು ಮತ್ತೆ ಹೊರಟಾಗ ತಪ್ಪಾಗುತ್ತದೆ. ಓಡುತ್ತಿರುವಾಗ ಅಲ್ಲ. ಹಾಗಾಗಿ ಇಂಜಿನ್ ಶುರು ಮಾಡಿದಾಗಲೆಲ್ಲ, ಹೊರಡುವ ಮೊದಲೇ, 'ನಾನು ಎಡಕ್ಕೆ ತಿರುಗುತ್ತೇನೆ, ಅಗಲವಾಗಿ, ಹಳದಿ ಎಡಕ್ಕೆ' ಅಂತ ಬಾಯಿಬಿಟ್ಟು ಹೇಳಿ. ಹುಚ್ಚರ ಹಾಗೆ ಕಾಣಿಸುತ್ತದೆ. ಪರವಾಗಿಲ್ಲ, ಇಲ್ಲಿ ಎಲ್ಲರೂ ಕಾರಿನೊಳಗೆ ಒಬ್ಬರೇ ಫೋನಿನಲ್ಲಿ ಮಾತಾಡುತ್ತಿರುತ್ತಾರೆ, ಯಾರೂ ನೋಡಲ್ಲ. ಡ್ಯಾಶ್‌ಬೋರ್ಡಿಗೆ ಒಂದು ಹಳದಿ ಚೀಟಿ ಅಂಟಿಸಿ, ಎಡ ಮೂಲೆಯಲ್ಲಿ. ನನ್ನದು ಆರು ತಿಂಗಳು ಇತ್ತು.

ತಪ್ಪಿಯೇ ಹೋದರೆ? ಕೆಂಪು ಫಲಕದಲ್ಲಿ 'ರಾಂಗ್ ವೇ' ಅಥವಾ 'ಡು ನಾಟ್ ಎಂಟರ್' ಅಂತ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಫ್ರೀವೇಗಳಲ್ಲಿ (ಸಿಗ್ನಲ್ ಇಲ್ಲದ ದೊಡ್ಡ ಹೆದ್ದಾರಿಗಳು) ರಸ್ತೆ ಮೇಲಿನ ರಿಫ್ಲೆಕ್ಟರುಗಳು ಸರಿಯಾದ ದಿಕ್ಕಿನಿಂದ ನೋಡಿದರೆ ಬಿಳಿ, ಎದುರು ದಿಕ್ಕಿನಿಂದ ನೋಡಿದರೆ ಕೆಂಪು. ರಾತ್ರಿ ರಸ್ತೆಯೆಲ್ಲ ಕೆಂಪು ಚುಕ್ಕಿಗಳಾಗಿ ಹೊಳೆಯುತ್ತಿದ್ದರೆ ಚೆಂದ ಅಂತ ನೋಡುತ್ತಾ ಕೂರಬೇಡಿ, ತಕ್ಷಣ ಅಂಚಿಗೆ ಸರಿದು ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಸುರಕ್ಷಿತ ಅನ್ನಿಸಿದಾಗ ತಿರುಗಿಸಿ. ಎದುರಿನವನು ಲೈಟು ಮಿನುಗಿಸಿದರೆ ಅರ್ಥವೂ ಬೇರೆ. ನಮ್ಮೂರಿನಲ್ಲಿ ಅದರ ಅರ್ಥ 'ನಾನು ಬರ್ತಿದ್ದೀನಿ, ನೀನು ನಿಲ್ಲು'. ಇಲ್ಲಿ ಬಹಳ ಸಲ 'ನೀನು ಮೊದಲು ಹೋಗು' ಅಂತ, ಇಲ್ಲವೇ 'ಏನೋ ತಪ್ಪಾಗಿದೆ, ನೋಡ್ಕೋ' ಅಂತ.

ಬಲಗಡೆಗಿಂತ ಕಷ್ಟವಾದ ನಿಯಮಗಳು

ನಿಜ ಹೇಳಬೇಕೆಂದರೆ ಪಕ್ಕ ಬದಲಾಗಿದ್ದು ಅರ್ಧ ಕಷ್ಟ ಮಾತ್ರ. ಉಳಿದರ್ಧ ಏನೆಂದರೆ ಇಲ್ಲಿ ನಿಯಮ ಬರೀ ಪುಸ್ತಕದಲ್ಲಿಲ್ಲ.

ಸ್ಟಾಪ್ ಫಲಕ ಇದ್ದರೆ ಚಕ್ರ ಪೂರ್ತಿ ನಿಲ್ಲಬೇಕು. ಸುತ್ತ ಯಾರೂ ಇಲ್ಲದಿದ್ದರೂ, ಮಧ್ಯರಾತ್ರಿಯಾದರೂ. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ, ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆ ಇರುವವರು ಮೊದಲು. ಇದು ಸಿಗ್ನಲ್ ಇಲ್ಲದೆ, ಪೊಲೀಸ್ ಇಲ್ಲದೆ, ಹಾರ್ನ್ ಇಲ್ಲದೆ ನಡೆಯೋದನ್ನ ಮೊದಲ ಸಲ ನೋಡಿದಾಗ ನನಗೆ ಮ್ಯಾಜಿಕ್ ನೋಡಿದ ಹಾಗಾಗಿತ್ತು.

ಕೆಂಪು ದೀಪದಲ್ಲೂ ಬಲಕ್ಕೆ ತಿರುಗಬಹುದು. ನಮ್ಮ ಫ್ರೀ ಲೆಫ್ಟ್ ಇದ್ದ ಹಾಗೆ ಅಂದುಕೊಂಡರೆ ಕೆಟ್ಟಿರಿ. ಮೊದಲು ಪೂರ್ತಿ ನಿಲ್ಲಬೇಕು, ನಡೆದು ದಾಟುವವರಿಗೂ ಎಡದಿಂದ ಬರುವ ಗಾಡಿಗೂ ದಾರಿ ಕೊಡಬೇಕು, ಆಮೇಲೆ ತಿರುಗಬೇಕು. ಕೆಂಪು ಬಾಣ ಇದ್ದರೆ ಅಥವಾ ತಿರುಗಬಾರದು ಅನ್ನುವ ಫಲಕ ಇದ್ದರೆ ಅದೂ ಇಲ್ಲ. ನ್ಯೂಯಾರ್ಕ್ ನಗರದಲ್ಲಂತೂ ತಿರುಗಬಹುದು ಅಂತ ಫಲಕ ಇದ್ದ ಕಡೆ ಮಾತ್ರ. ಬಲಕ್ಕೆ ತಿರುಗುವ ಮೊದಲು ಬಲ ಭುಜದ ಮೇಲಿಂದ ಒಮ್ಮೆ ನೋಡಿ, ಸೈಕಲ್ ಲೇನು ಇರೋದು ಆ ಪಕ್ಕದಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್‌ಸೈಕಲ್ಲಿನವರು ಎರಡು ಲೇನುಗಳ ಸಂದಿಯಲ್ಲಿ ನುಗ್ಗಿ ಹೋಗೋದು ಕಾನೂನುಬದ್ಧ. ಬೆಂಗಳೂರಿನವರಿಗೆ ಊರಿನ ನೆನಪಾಗಿ ಸಮಾಧಾನ ಕೊಡುವ ದೃಶ್ಯ ಅದೊಂದೇ.

ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಮಿನುಗಿಸುತ್ತಾ ನಿಂತರೆ ಹಿಂದಿನವರಷ್ಟೇ ಅಲ್ಲ, ಎದುರಿನಿಂದ ಬರುವವರೂ ನಿಲ್ಲಬೇಕು. ಕ್ಯಾಲಿಫೋರ್ನಿಯಾದಲ್ಲಿ ನಡುವೆ ಡಿವೈಡರ್ ಇದ್ದರೆ, ಇಲ್ಲವೇ ಒಂದೊಂದು ದಿಕ್ಕಿಗೂ ಎರಡು ಅಥವಾ ಹೆಚ್ಚು ಲೇನುಗಳಿದ್ದರೆ ಎದುರಿನವರಿಗೆ ವಿನಾಯಿತಿ. ಆಂಬುಲೆನ್ಸ್, ಫೈರ್ ಇಂಜಿನ್ ಬಂದರೆ ಬಲ ಅಂಚಿಗೆ ಸರಿದು ನಿಲ್ಲಿ. ಗಾಬರಿಯಲ್ಲಿ ಎಡಕ್ಕೆ ಸರಿಯೋದು ಇನ್ನೊಂದು ಹಳೇ ಚಾಳಿ. ಪೊಲೀಸರು ನಿಲ್ಲಿಸಿದರೂ ಬಲಕ್ಕೆ ನಿಲ್ಲಿಸಿ, ಕಾರಿನಿಂದ ಇಳಿಯಬೇಡಿ, ಕೈ ಎರಡೂ ಸ್ಟೀರಿಂಗ್ ಮೇಲೆ ಕಾಣುವ ಹಾಗೆ ಇರಲಿ. ನಮ್ಮಲ್ಲಿ ಇಳಿದು ಹೋಗಿ 'ಸಾರ್' ಅನ್ನೋದು ಮರ್ಯಾದೆ, ಇಲ್ಲಿ ಅದು ಅಪಾಯ.

ಫ್ರೀವೇ

ಫ್ರೀವೇಗೆ ಎಲ್ಲರೂ ಹೆದರುತ್ತಾರೆ. ಪಕ್ಕದ ವಿಷಯಕ್ಕೆ ಬಂದರೆ ಅದೇ ಎಲ್ಲಕ್ಕಿಂತ ಸುಲಭ, ಒಳಗೆ ಸೇರಿದ ಮೇಲೆ ರಾಂಗ್ ಸೈಡಿಗೆ ಹೋಗೋಕೆ ಸಾಧ್ಯವೇ ಇಲ್ಲ. ಕಷ್ಟ ಇರೋದು ಸೇರುವಾಗ. ಬಲಗಡೆಯ ರ‍್ಯಾಂಪಿನಿಂದ ಹತ್ತಿ, ಎಡ ಭುಜದ ಮೇಲಿಂದ ನೋಡಿ, ಎಡಕ್ಕೆ ಸೇರಬೇಕು. ಮಿತಿ ಸಾಮಾನ್ಯವಾಗಿ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್. ರ‍್ಯಾಂಪಿನ ಮೇಲೇ ಆ ವೇಗಕ್ಕೆ ಬಂದುಬಿಡಬೇಕು. ಹೆದರಿ ರ‍್ಯಾಂಪಿನ ಕೊನೆಯಲ್ಲಿ ನಿಂತುಬಿಟ್ಟರೆ ನಿಂತಲ್ಲಿಂದ ಆ ವೇಗದ ಗಾಡಿಗಳ ಮಧ್ಯೆ ಸೇರೋದು ಹತ್ತು ಪಟ್ಟು ಕಷ್ಟ. ನಿಧಾನದವರು ಬಲಕ್ಕೆ, ಓವರ್‌ಟೇಕ್ ಎಡದಿಂದ. ಇಳಿಯುವ ದಾರಿಗಳು ಬಹುಪಾಲು ಬಲಕ್ಕೇ ಇರುತ್ತವೆ. ಎಕ್ಸಿಟ್ ತಪ್ಪಿದರೆ ಮುಂದಿನದರಲ್ಲಿ ಇಳಿಯಿರಿ, ರಿವರ್ಸ್ ಯೋಚನೆ ಕನಸಿನಲ್ಲೂ ಬೇಡ. ತೀರಾ ಎಡಗಡೆ ವಜ್ರದ ಆಕಾರದ ಗುರುತು ಇರೋದು ಒಬ್ಬರಿಗಿಂತ ಹೆಚ್ಚು ಜನ ಇರುವ ಕಾರುಗಳ ಕಾರ್‌ಪೂಲ್ ಲೇನು, ಒಬ್ಬರೇ ಇದ್ದಾಗ ಅಲ್ಲಿನ ಸಮಯದ ಫಲಕ ಓದದೆ ನುಗ್ಗಬೇಡಿ. ಅಭ್ಯಾಸಕ್ಕೆ 101 ನಂಬರಿನ ಫ್ರೀವೇ ಬೇಡ, ಭಾನುವಾರ ಬೆಳಿಗ್ಗೆ 280 ನಂಬರಿನದಕ್ಕೆ ಹೋಗಿ. ಗುಡ್ಡ, ಮಂಜು, ಕಡಿಮೆ ಲಾರಿ.

ಲೈಸೆನ್ಸ್ ಮತ್ತು ನಾನು ಫೇಲಾದ ಕತೆ

ಪ್ರವಾಸಕ್ಕೆ ಬಂದವರು 18 ದಾಟಿದ್ದರೆ ಊರಿನ ಲೈಸೆನ್ಸಿನಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಓಡಿಸಬಹುದು. ಹೊರಡುವ ಮೊದಲು ನಿಮ್ಮ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡರೆ ಬಾಡಿಗೆ ಕಾರಿನವರ ಹತ್ತಿರ ವಾದ ಮಾಡೋದು ತಪ್ಪುತ್ತದೆ, ಅದು ಒಂದು ವರ್ಷ ನಡೆಯುತ್ತದೆ, ಜೊತೆಗೆ ಮೂಲ ಲೈಸೆನ್ಸೂ ಇರಬೇಕು. ಇಲ್ಲಿಯೇ ನೆಲೆಸುವವರು ನೆಲೆಸಿದ 10 ದಿನದೊಳಗೆ ಇಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಬರೆಯುವ ಪರೀಕ್ಷೆಯಲ್ಲಿ ದೊಡ್ಡವರಿಗೆ 36 ಪ್ರಶ್ನೆ, 30 ಸರಿಯಾಗಬೇಕು. ಡಿಎಂವಿಯ (ಇಲ್ಲಿನ ಆರ್‌ಟಿಓ) ಕೈಪಿಡಿ ಬಿಟ್ಟಿ ಸಿಗುತ್ತದೆ, ಎರಡು ಸಲ ಓದಿದರೆ ಸಾಕು.

ರಸ್ತೆ ಪರೀಕ್ಷೆಗೆ ಮಾತ್ರ 'ನಂಗೆ ಎಂಟು ವರ್ಷದ ಅನುಭವ' ಅಂತ ಹೋಗಬೇಡಿ. ಆ ಅನುಭವವೇ ಮುಳುವು. ಸಣ್ಣ ತಪ್ಪು 15ರವರೆಗೆ ಮಾಫಿ, ದೊಡ್ಡ ತಪ್ಪು ಒಂದಾದರೂ ಮನೆಗೆ. ನಾನು ಇಡೀ ದಾರಿ ಹಳದಿ ಎಡಕ್ಕೆ, ಹಳದಿ ಎಡಕ್ಕೆ ಅಂತ ಎಷ್ಟು ಗಮನ ಕೊಟ್ಟಿದ್ದೆನೆಂದರೆ ಒಂದು ಸ್ಟಾಪ್ ಫಲಕದಲ್ಲಿ ನಿಧಾನ ಮಾಡಿದೆ, ನಿಲ್ಲಿಸಲಿಲ್ಲ. ಊರಿನಲ್ಲಿ ಅಷ್ಟು ನಿಧಾನ ಮಾಡಿದ್ದರೆ ಹಿಂದಿನವನು ಬೈಯುತ್ತಿದ್ದ. ಪಕ್ಕದಲ್ಲಿದ್ದ ಪರೀಕ್ಷಕಿ ಏನೂ ಹೇಳದೆ ಕಾಗದದ ಮೇಲೆ ಒಂದು ಗುರುತು ಹಾಕಿದರು, ಅಷ್ಟೇ. ಎರಡನೇ ಸಲ ಪ್ರತಿ ಸ್ಟಾಪಿನಲ್ಲೂ ನಿಂತು 'ಒಂದು, ಎರಡು, ಮೂರು' ಅಂತ ಮನಸ್ಸಿನಲ್ಲೇ ಎಣಿಸಿದೆ. ಲೇನ್ ಬದಲಿಸುವಾಗ ಕಣ್ಣು ಮಾತ್ರ ಹೊರಳಿಸಿದರೆ ಅವರಿಗೆ ಕಾಣಲ್ಲ, ಕತ್ತೇ ತಿರುಗಬೇಕು, ಸ್ವಲ್ಪ ನಾಟಕದ ಥರ ಆದರೂ ಪರವಾಗಿಲ್ಲ. ಕಿಟಕಿಯಿಂದ ಎಡಗೈ ಹೊರಗೆ ಚಾಚಿ ತೋರಿಸುವ ಸನ್ನೆಗಳನ್ನೂ ಕೇಳುತ್ತಾರೆ: ಕೈ ನೇರ ಚಾಚಿದರೆ ಎಡ, ಮೇಲಕ್ಕೆ ಮಡಚಿದರೆ ಬಲ, ಕೆಳಕ್ಕೆ ಇಳಿಬಿಟ್ಟರೆ ನಿಲ್ಲುತ್ತೇನೆ ಅಂತ. ಕರ್ಬಿನ ಪಕ್ಕ ನೇರವಾಗಿ ಮೂರು ಕಾರಿನುದ್ದ ಹಿಂದಕ್ಕೆ ಹೋಗೋಕೆ ಹೇಳುತ್ತಾರೆ. ಆಗ ಹಿಂದಿನ ಕ್ಯಾಮೆರಾ ನೆಚ್ಚಿಕೊಳ್ಳಬೇಡಿ, ಬಲ ಭುಜದ ಮೇಲಿಂದ ಹಿಂದಿನ ಗಾಜಿನಲ್ಲಿ ನೋಡಿ.

ಮನೆ ಹತ್ತಿರದ ಡ್ರೈವಿಂಗ್ ಸ್ಕೂಲಿನಲ್ಲಿ ಎರಡು ಕ್ಲಾಸು ತಗೊಳ್ಳಿ. ದುಬಾರಿ ಅನ್ನಿಸುತ್ತದೆ, ಆದರೆ ಅವರ ಕಾರಿನಲ್ಲಿ ಪಕ್ಕದವರ ಕಾಲಿಗೂ ಬ್ರೇಕ್ ಇರುತ್ತದೆ. ಗಂಡನಿಂದ ಹೆಂಡತಿ, ಹೆಂಡತಿಯಿಂದ ಗಂಡ ಕಲಿಯುವ ಯೋಜನೆ ಕೈಬಿಡಿ.

ಊರಿಗೆ ಹೋದಾಗ

ಒಂದೂವರೆ ವರ್ಷದ ಮೇಲೆ ಶಿವಮೊಗ್ಗಕ್ಕೆ ಹೋಗಿದ್ದೆ. ಅಭ್ಯಾಸ ಅಳಿಸಿ ಹೋಗುವುದಿಲ್ಲ, ಆದರೆ ಎರಡೂ ಒಟ್ಟಿಗೆ ಒಳಗೆ ಕೂತು ಕಿತ್ತಾಡುತ್ತವೆ. ಹಾಗಾಗಿ ವಿಮಾನದಿಂದ ಇಳಿದು ಎರಡು ದಿನ ಗಾಡಿ ಮುಟ್ಟಬೇಡಿ. ಮುಟ್ಟುವಾಗಲೂ ಇಲ್ಲಿ ಮಾಡಿದ್ದನ್ನೆಲ್ಲ ತಿರುಗಿಸಿ ಮಾಡಿ: ಮೊದಲು ನಡೆಯಿರಿ, ಬಲ ಮೊಣಕೈ ನಡುವಿಗೆ, ಎಡಕ್ಕೆ ಬಿಗಿ, ಬಲಕ್ಕೆ ಅಗಲ. ನಾನು ಇದೆಲ್ಲ ಗೊತ್ತಿದ್ದೂ ಮೂರನೇ ದಿನ ಅಪ್ಪನ ಸ್ವಿಫ್ಟ್ ತಗೊಂಡು ಬಿ.ಎಚ್. ರಸ್ತೆಗೆ ಇಳಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಮೊದಲ ತಿರುವಿಗೇ ವೈಪರ್ ಕಿರ‍್ರೋ ಅಂತ ಒಣಗಾಜನ್ನು ಉಜ್ಜಿತು. ಹಿಂದೆ ಕೂತಿದ್ದ ಅಪ್ಪ ಆಕಾಶ ನೋಡಿ, 'ಮಳೆ ಎಲ್ಲೋ?' ಅಂದರು. ವಾಪಸ್ ಬರುವಾಗ ಗಾಡಿ ಅವರೇ ಓಡಿಸಿದರು.